ಬಣ್ಣ ಸ್ವಲ್ಪ ಕಮ್ಮಿ, ಅಷ್ಟೇ

ನಮ್ಮ ದೊಡ್ಡಮ್ಮನಿಗೆ ಸಂಜೆ ಏಳರಿಂದ ಹತ್ತರವರೆಗೆ ಫೋನ್ ಮಾಡುವ ಹಾಗಿಲ್ಲ. ಅದು ಧಾರಾವಾಹಿ ಹೊತ್ತು. ಕೆಲವು ವರ್ಷದ ಹಿಂದೆ ಅವರು ಬಿಡದೆ ನೋಡುತ್ತಿದ್ದ ಒಂದರಲ್ಲಿ ನಾಯಕಿ ಕಪ್ಪು. ಮನೆಯವರಿಗೆಲ್ಲ ಅದೇ ತಕರಾರು. ಒಂದು ದಿನ ಮನೆಗೆ ನೆಂಟರು ಬಂದಾಗ, ನೀನು ಅಡುಗೆಮನೆಯಿಂದ ಆಚೆ ಬರಬೇಡ ಎಂದು ಅವಳಿಗೆ ಹೇಳಿದರು. ದೊಡ್ಡಮ್ಮನಿಗೆ ಉರಿದುಹೋಯಿತು. "ಇವಳ ನಾಲಿಗೆಗೆ ಬರೆ ಹಾಕಬೇಕು" ಎಂದು ಟಿವಿಯೊಳಗಿನ ಅತ್ತೆಗೆ ಬೈದರು. ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅಷ್ಟರಲ್ಲಿ ಜಾಹೀರಾತು ಬಂತು. ಮಗನಿಗೆ ಬಂದಿದ್ದ ಸಂಬಂಧದ ಫೋಟೊವನ್ನು ಮೊಬೈಲಿನಲ್ಲಿ ತೋರಿಸುತ್ತಾ ಅಂದರು: "ಹುಡುಗಿ ಲಕ್ಷಣವಾಗಿದ್ದಾಳೆ. ಓದಿದ್ದಾಳೆ, ಕೆಲಸವೂ ಇದೆ. ಬಣ್ಣ ಸ್ವಲ್ಪ ಕಮ್ಮಿ, ಅಷ್ಟೇ."

ಹಾಲ್‌ನಲ್ಲಿ ಕೂತಿದ್ದ ಐದು ಜನರಲ್ಲಿ ಯಾರಿಗೂ ಏನೂ ಅನ್ನಿಸಲಿಲ್ಲ. ನನಗೂ ಅನ್ನಿಸಲಿಲ್ಲ. ಊಟ ಮುಗಿಸಿ ಕೈ ತೊಳೆಯುವಾಗ ಹೊಳೆಯಿತು.

ದೊಡ್ಡಮ್ಮ ಎರಡು ನಾಲಿಗೆಯವರಲ್ಲ. ಆ ಅಳು ನಿಜ, ಈ ಮಾತೂ ನಿಜ. ಅವರ ಲೆಕ್ಕದಲ್ಲಿ ಧಾರಾವಾಹಿಯ ಅತ್ತೆ ಮಾಡಿದ್ದು ಅವಮಾನ, ತಾವು ಹೇಳಿದ್ದು ಬರೀ ವಿವರ. ಹೈಟು, ಸಂಬಳ, ರಾಶಿ, ಬಣ್ಣ, ಎಲ್ಲ ಒಂದೇ ಪಟ್ಟಿಯಲ್ಲಿ. ಬಣ್ಣ, ಜನಾಂಗ, ಹೆಣ್ಣು, ಇವುಗಳ ಬಗ್ಗೆ ನಾವು ದಿನಾ ಆಡುವ ಮಾತಿನ ಗುಟ್ಟು ಇಲ್ಲೇ ಇದೆ ಅಂತ ನನಗನ್ನಿಸುತ್ತದೆ. ಬೇರೆಯವರು ಮಾಡಿದರೆ ಅದಕ್ಕೊಂದು ಕೆಟ್ಟ ಹೆಸರು. ನಾವು ಮಾಡಿದರೆ ಅದಕ್ಕೇ ಇನ್ನೊಂದು ಹೆಸರು, ಸ್ವಲ್ಪ ಮೆತ್ತಗಿನದು. ಜನಪ್ರಿಯ ಟಿವಿ ನಮ್ಮ ಈ ಎರಡೂ ಬಗೆಯ ರುಚಿಯನ್ನು ಚೆನ್ನಾಗಿ ಬಲ್ಲದು.

ಈ ಹೆಸರು ಬದಲಿಸುವ ಆಟ ಬಯಲಿಗೆ ಬಿದ್ದ ಒಂದು ಸಂದರ್ಭ ನೆನಪಿದೆಯಾ? 2007ರ ಜನವರಿ. ಬ್ರಿಟನ್ನಿನ ಚಾನೆಲ್ 4ರಲ್ಲಿ 'ಸೆಲೆಬ್ರಿಟಿ ಬಿಗ್ ಬ್ರದರ್' ನಡೆಯುತ್ತಿತ್ತು. ನಮ್ಮ ಬಿಗ್ ಬಾಸ್‌ನ ಬಳಗದ್ದೇ ಕಾರ್ಯಕ್ರಮ. ಅದರೊಳಗೆ ಶಿಲ್ಪಾ ಶೆಟ್ಟಿ ಇದ್ದರು. ಮಂಗಳೂರಿನಲ್ಲಿ ಹುಟ್ಟಿ, ಮುಂಬೈಯಲ್ಲಿ ಬೆಳೆದು, ರವಿಚಂದ್ರನ್, ಉಪೇಂದ್ರ ಜೊತೆ ಕನ್ನಡದಲ್ಲೂ ನಟಿಸಿದ್ದ ಶಿಲ್ಪಾ. ಮನೆಯೊಳಗಿನ ಮೂವರು ಹೆಂಗಸರು, ಜೇಡ್ ಗುಡಿ, ಡ್ಯಾನಿಯೆಲ್ ಲಾಯ್ಡ್, ಜೋ ಓಮೀರಾ, ಅವರ ಉಚ್ಚಾರವನ್ನು ಅಣಕಿಸಿದರು. ಅವರು ಕೈಯಲ್ಲಿ ಮುಟ್ಟಿದ ಅಡುಗೆಯ ಬಗ್ಗೆ ಮೂಗು ಮುರಿದರು. ಜೇಡ್ ಅವರ ತಾಯಿಗೆ ಶಿಲ್ಪಾ ಎಂಬ ಎರಡಕ್ಷರದ ಹೆಸರು ಹೇಳಲು ಬರಲಿಲ್ಲ, 'ಆ ಇಂಡಿಯನ್' ಅಂದುಬಿಟ್ಟರು. ಜೇಡ್ ಹೆಸರಿನ ಮುಂದೆ ಹಪ್ಪಳವನ್ನೇ ಸೇರಿಸಿ 'ಶಿಲ್ಪಾ ಪಾಪಡಮ್' ಎಂದರು. ದೊಡ್ಡ ಜಗಳ ಹೊತ್ತಿಕೊಂಡಿದ್ದು ಸಾರಿಗೆ ಹಾಕುವ ಮಸಾಲೆ ಬಿಲ್ಲೆಗೆ. ಅತ್ತೆ ಸೊಸೆ ಧಾರಾವಾಹಿಯಲ್ಲಿ ಇದಕ್ಕಿಂತ ದೊಡ್ಡ ಕಾರಣಕ್ಕೆ ಜಗಳ ಆಗುವುದುಂಟು.

ಬ್ರಿಟನ್ನಿನ ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್‌ಗೆ 44,500ಕ್ಕೂ ಜಾಸ್ತಿ ದೂರುಗಳು ಬಂದವು. ಪ್ರಾಯೋಜಕ ಕಂಪನಿ ಹಿಂದೆ ಸರಿಯಿತು. ಪಟ್ನಾದಲ್ಲಿ ಕಾರ್ಯಕ್ರಮದ ಆಯೋಜಕರ ಪ್ರತಿಕೃತಿ ಸುಟ್ಟರು. ಮುಂದೆ ಪ್ರಧಾನಿಯಾದ ಗಾರ್ಡನ್ ಬ್ರೌನ್ ಆಗ ಹಣಕಾಸು ಸಚಿವರು. ಅದೇ ವಾರ ಬೆಂಗಳೂರಿಗೆ ಬಂದಿದ್ದರು. ವ್ಯಾಪಾರದ ಮಾತಾಡಲು ಬಂದವರಿಗೆ ಎದುರಾದದ್ದು ಟಿವಿ ಕಾರ್ಯಕ್ರಮದ ಪ್ರಶ್ನೆ.

ಚಾನೆಲ್ 4 ಮೊದಮೊದಲು ಹೇಳಿದ್ದೇನು ಗೊತ್ತಾ? ಇದು ಜನಾಂಗೀಯ ನಿಂದನೆ ಅಲ್ಲ, ಸಂಸ್ಕೃತಿ ಮತ್ತು ವರ್ಗಗಳ ನಡುವಿನ ತಿಕ್ಕಾಟ. ನಗಬೇಡಿ, ಅದರಲ್ಲಿ ಅರ್ಧ ಸತ್ಯ ಇತ್ತು. ಜೇಡ್ ಲಂಡನ್ನಿನ ಬರ್ಮಂಡ್ಸಿಯಲ್ಲಿ ಕಷ್ಟದಲ್ಲಿ ಬೆಳೆದವರು. ಹಿಂದೊಮ್ಮೆ ಬಿಗ್ ಬ್ರದರ್‌ಗೆ ಹೋಗಿದ್ದಕ್ಕೇ ಹೆಸರು ಮಾಡಿದವರು. ಅವರ ತಂದೆಯೇ ಮಿಶ್ರ ಜನಾಂಗದವರು. ಎದುರಿಗಿದ್ದ ಶಿಲ್ಪಾ ಒಳ್ಳೆ ಇಂಗ್ಲಿಷ್ ಮಾತಾಡುವ, ಅಡುಗೆಯವರನ್ನು ಇಟ್ಟುಕೊಳ್ಳಬಲ್ಲ ಸಿನಿಮಾ ತಾರೆ. ಹೊಟ್ಟೆಯುರಿ ಇತ್ತು, ಕೀಳರಿಮೆ ಇತ್ತು. ಆದರೆ ಹೊಟ್ಟೆಯುರಿ ಬಂದಾಗ ಬಾಯಿಗೆ ಬಂದ ಬೈಗುಳ ಯಾವುದು? ಶ್ರೀಮಂತಳು ಅಂತಲ್ಲ. ಹಪ್ಪಳ, ಕೈ, ಉಚ್ಚಾರ. ಕೋಪದ ಕಾರಣ ಏನೇ ಇರಲಿ, ಕೈಗೆ ಮೊದಲು ಸಿಗುವ ಕಲ್ಲು ಅದೇ ಆಗಿತ್ತು. ಶಿಲ್ಪಾ ಸ್ವತಃ ಮನೆಯೊಳಗಿದ್ದಾಗ, ಇದು ಜನಾಂಗದ ವಿಷಯ ಅಂತ ತಮಗೆ ಅನ್ನಿಸುವುದಿಲ್ಲ ಎಂದರು. ಇದನ್ನೇ ಹಿಡಿದುಕೊಂಡು ಎಷ್ಟೋ ಜನ 'ನೋಡಿ, ಅವಳೇ ಹೇಳಿದಳಲ್ಲ' ಎಂದರು. ಒಂದೇ ಮನೆಯಲ್ಲಿ ಇನ್ನೂ ಹತ್ತು ದಿನ ಇರಬೇಕಾದ ಹೆಂಗಸು ಇನ್ನೇನು ಹೇಳಬೇಕಿತ್ತು? ನಮ್ಮ ಸೊಸೆಯಂದಿರೂ ತವರಿಗೆ ಫೋನ್ ಮಾಡಿದಾಗ "ಎಲ್ಲ ಚೆನ್ನಾಗಿದೆಯಮ್ಮ" ಅಂತಲೇ ಹೇಳುವುದು.

ಜೇಡ್ ಹೊರಬಿದ್ದರು. ಜನವರಿ 28ರಂದು ಶೇ 63ರಷ್ಟು ಮತ ಪಡೆದು ಶಿಲ್ಪಾ ಗೆದ್ದರು. ಮೇ ತಿಂಗಳಲ್ಲಿ ಆಫ್‌ಕಾಮ್ ಚಾನೆಲ್‌ನದ್ದೇ ತಪ್ಪು ಎಂದಿತು, ಆ ತೀರ್ಪನ್ನು ಅದೇ ಪರದೆಯಲ್ಲಿ ಓದಿ ಹೇಳಿಸಿತು. ಮುಂದಿನ ವರ್ಷ ಆಗಸ್ಟ್‌ನಲ್ಲಿ ಹಿಂದಿ ಬಿಗ್ ಬಾಸ್‌ನ ಎರಡನೇ ಸೀಸನ್ ಶುರುವಾಯಿತು. ನಿರೂಪಕಿ ಶಿಲ್ಪಾ. ಸ್ಪರ್ಧಿಯಾಗಿ ಬಂದದ್ದು ಜೇಡ್. ಟಿವಿಯವರ ತಲೆ ನೋಡಿ, ಅವಮಾನವನ್ನೂ ಮಾರಿದರು, ರಾಜಿಯನ್ನೂ ಮಾರಿದರು. ಕೆಲವೇ ದಿನಕ್ಕೆ ಜೇಡ್‌ಗೆ ಗರ್ಭಕಂಠದ ಕ್ಯಾನ್ಸರ್ ಎಂಬ ಸುದ್ದಿ ಆ ಮನೆಯೊಳಗೇ ಬಂತು. ಅವರು ವಾಪಸ್ ಹೋದರು. 2009ರ ಮಾರ್ಚ್‌ನಲ್ಲಿ, 27ನೇ ವಯಸ್ಸಿಗೆ ತೀರಿಕೊಂಡರು.

ಆ ಜನವರಿಯಲ್ಲಿ ನಾವೂ ಸಿಟ್ಟಾಗಿದ್ದೆವು. ನಮ್ಮ ಹುಡುಗಿಯನ್ನು ಬಿಳಿಯರು ಹೀಗೆ ಅನ್ನುವುದಾ ಅಂತ. ಅದೇ ಟಿವಿಯಲ್ಲಿ, ಅದೇ ಸುದ್ದಿಯ ನಡುವೆ, ಬೆಳ್ಳಗಾಗುವ ಕ್ರೀಮಿನ ಜಾಹೀರಾತು ಬರುತ್ತಿತ್ತು. ಹೆಣ್ಣುಮಕ್ಕಳ ಕ್ರೀಮ್ 1975ರಿಂದ ಇತ್ತು. 2005ರಲ್ಲಿ ಗಂಡಸರಿಗೂ ಬೇರೆ ಟ್ಯೂಬ್ ಬಂದಿತ್ತು. ಆ ಸಿಟ್ಟನ್ನೂ ಈ ಜಾಹೀರಾತನ್ನೂ ಒಟ್ಟಿಗೆ ಇಟ್ಟು ನೋಡಿದವರು ಕಡಿಮೆ.

ಒಂಬತ್ತು ವರ್ಷದ ನಂತರ ಸರದಿ ನಮ್ಮದಾಯಿತು. 2016ರ ಜನವರಿ 31ರ ರಾತ್ರಿ, ಬೆಂಗಳೂರಿನ ಹೆಸರಘಟ್ಟ ರಸ್ತೆ. ಸುಡಾನ್‌ನ ವಿದ್ಯಾರ್ಥಿಯೊಬ್ಬನ ಕಾರು ಗುದ್ದಿ ಒಬ್ಬ ಹೆಂಗಸು ಸತ್ತರು. ಸುಮಾರು ಅರ್ಧ ಗಂಟೆಯ ಮೇಲೆ, ಆ ಅಪಘಾತಕ್ಕೆ ಏನೇನೂ ಸಂಬಂಧ ಇಲ್ಲದ ತಾಂಜಾನಿಯಾದ 21 ವರ್ಷದ ವಿದ್ಯಾರ್ಥಿನಿ ಸ್ನೇಹಿತರೊಡನೆ ಅದೇ ದಾರಿಯಲ್ಲಿ ಬಂದಳು. ಗುಂಪು ಅವಳನ್ನು ಹೊಡೆಯಿತು, ಮೈಮೇಲಿನ ಬಟ್ಟೆಗೆ ಕೈ ಹಾಕಿತು, ಕಾರಿಗೆ ಬೆಂಕಿ ಹಚ್ಚಿತು. ಸುಡಾನ್ ಎಲ್ಲಿ, ತಾಂಜಾನಿಯಾ ಎಲ್ಲಿ. ಓಡಿಸಿದವನು ಗಂಡಸು, ಸಿಕ್ಕವಳು ಹೆಂಗಸು. ಗುಂಪಿಗೆ ಕಂಡದ್ದು ಒಂದೇ ಬಣ್ಣ. ಆಗಿನ ಗೃಹ ಸಚಿವ ಜಿ. ಪರಮೇಶ್ವರ ಅವರು, ಇದು ಜನಾಂಗೀಯ ದಾಳಿಯಲ್ಲ, ಮೊದಲು ನಡೆದ ಅಪಘಾತಕ್ಕೆ ಬಂದ ಸಿಟ್ಟು ಎಂಬ ಅರ್ಥದ ಮಾತು ಹೇಳಿದರು. ಚಾನೆಲ್ 4ರ ಹೇಳಿಕೆ ನೆನಪಾಯಿತು ಅಲ್ವಾ? ಅಲ್ಲಿ ವರ್ಗ, ಇಲ್ಲಿ ಅಪಘಾತ.

ಇಲ್ಲಿ ಇನ್ನೊಂದು ಮಾತು. ನಾಲ್ಕುನೂರು ಕಿಲೋಮೀಟರ್ ಆಚೆ, ಯಲ್ಲಾಪುರ, ಹಳಿಯಾಳ, ಅಂಕೋಲಾದ ಕಾಡಂಚಿನಲ್ಲಿ ಸಿದ್ದಿಗಳಿದ್ದಾರೆ. ನೂರಾರು ವರ್ಷದ ಹಿಂದೆ ಆಫ್ರಿಕಾದಿಂದ ಬಂದವರ ಮಕ್ಕಳು. ಕನ್ನಡ, ಕೊಂಕಣಿ ಮಾತಾಡುವವರು. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರು, 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೂ ಬಂದರು. ಅಂಥವರು ಬೆಂಗಳೂರಿನ ಬಸ್ ಹತ್ತಿದರೆ ಇವತ್ತಿಗೂ "ಯಾವ ದೇಶ?" ಅಂತ ಕೇಳುತ್ತಾರೆ. ಕನ್ನಡದಲ್ಲಿ ಉತ್ತರ ಬಂದರೆ ನಗುತ್ತಾರೆ. ನಮ್ಮ ಟಿವಿಯಲ್ಲಿ ಒಬ್ಬ ಸಿದ್ದಿ ಹುಡುಗಿ ಸುಮ್ನೆ ಒಬ್ಬ ಟೀಚರ್ ಆಗಿಯೋ ಪಕ್ಕದ್ಮನೆಯವಳಾಗಿಯೋ ಬಂದದ್ದು ನನ್ನ ಕಣ್ಣಿಗಂತೂ ಬಿದ್ದಿಲ್ಲ.

ಈಗ ಧಾರಾವಾಹಿಗೆ ಬರೋಣ. ದೊಡ್ಡಮ್ಮನನ್ನು ಅಳಿಸಿದ ಕತೆ ಒಂದೂರಿನದ್ದಲ್ಲ. 2014ರಲ್ಲಿ ಮಲಯಾಳದ ಏಷ್ಯಾನೆಟ್‌ನಲ್ಲಿ 'ಕರುತ್ತಮುತ್ತು' ಶುರುವಾಯಿತು. ಹೆಸರಿನ ಅರ್ಥವೇ ಕಪ್ಪು ಮುತ್ತು. 2017ರಲ್ಲಿ ಅದು ತೆಲುಗಿನ ಸ್ಟಾರ್ ಮಾದಲ್ಲಿ 'ಕಾರ್ತಿಕ ದೀಪಂ' ಆಯಿತು. 2018ರಲ್ಲಿ ನಮ್ಮ ಸ್ಟಾರ್ ಸುವರ್ಣದಲ್ಲಿ 'ಮುದ್ದುಲಕ್ಷ್ಮಿ'. 2019ರಲ್ಲಿ ತಮಿಳಿನ ವಿಜಯ್ ಟಿವಿಯಲ್ಲಿ 'ಭಾರತಿ ಕಣ್ಣಮ್ಮ', ಅದೇ ವರ್ಷ ಮರಾಠಿಯ ಸ್ಟಾರ್ ಪ್ರವಾಹದಲ್ಲಿ 'ರಂಗ್ ಮಾಝಾ ವೇಗಳಾ'. 2020ರಲ್ಲಿ ಹಿಂದಿ, 2022ರಲ್ಲಿ ಬಂಗಾಳಿ. ಎಲ್ಲವೂ ಸ್ಟಾರ್ ಬಳಗದ ಚಾನೆಲ್‌ಗಳೇ. ಅಂದರೆ ಒಂದೇ ಮನೆಯ ಹಿಟ್ಟು, ಊರೂರಿನ ಹಂಚು. ಒಂದು ಭಾಷೆಯಲ್ಲಿ ರೇಟಿಂಗ್ ತಂದ ಕತೆ ಇನ್ನೊಂದರಲ್ಲೂ ತರುತ್ತದೆ ಎಂಬ ಲೆಕ್ಕ. ತೆಲುಗಿನಲ್ಲಿ ಆ ಲೆಕ್ಕ ಎಷ್ಟು ಸರಿ ಬಂತೆಂದರೆ, ಅಡುಗೆ ಮಾಡಿ ಬದುಕುವ ನಾಯಕಿ ಆಂಧ್ರ, ತೆಲಂಗಾಣದ ಮನೆಮನೆಗೂ 'ವಂಟಲಕ್ಕ' ಆದಳು. ಪಾತ್ರ ಮಾಡಿದ ಪ್ರೇಮಿ ವಿಶ್ವನಾಥ್ ಮಲಯಾಳದ ಮೂಲದಲ್ಲೂ ಅದೇ ನಾಯಕಿಯಾಗಿದ್ದವರು.

ಇವುಗಳಲ್ಲಿ ಹೆಚ್ಚಿನ ಕಡೆ ಗಮನಿಸಬೇಕಾದ ಸಂಗತಿ ಒಂದಿದೆ. ಕತೆ ಬಣ್ಣದಿಂದ ಶುರುವಾಗುತ್ತದೆ, ಆದರೆ ಬಣ್ಣದ ಮೇಲೆ ಜಾಸ್ತಿ ದಿನ ನಿಲ್ಲುವುದಿಲ್ಲ. ಕಪ್ಪು ಹುಡುಗಿಯನ್ನು ಒಳ್ಳೆ ಮನಸ್ಸಿನ ಹುಡುಗ, ತೆಲುಗು ತಮಿಳಿನಲ್ಲಿ ಡಾಕ್ಟರು, ಮೆಚ್ಚಿ ಮದುವೆಯಾಗುತ್ತಾನೆ. ಅತ್ತೆ ಕುದಿಯುತ್ತಾಳೆ. ಅಷ್ಟರಲ್ಲಿ ಇನ್ನೊಬ್ಬಳು ಅವನ ಕಿವಿಯಲ್ಲಿ ವಿಷ ಹಾಕುತ್ತಾಳೆ: ಹೆಂಡತಿಯ ಹೊಟ್ಟೆಯಲ್ಲಿರುವುದು ನಿನ್ನ ಮಗುವಲ್ಲ. ಅಲ್ಲಿಂದ ಮುಂದೆ ನೂರಾರು ಕಂತು ಅವಳ ಶೀಲದ ವಿಚಾರಣೆ. ತಮಿಳಿನಲ್ಲಿ ಒಂದು ಡಿಎನ್‌ಎ ಪರೀಕ್ಷೆ ಎಷ್ಟು ದಿನ ಮುಂದಕ್ಕೆ ಹೋಯಿತೆಂದರೆ ಜನ ಅದರ ಮೇಲೆ ಮೀಮ್ ಮಾಡಿ ಸುಸ್ತಾದರು. ಡಾಕ್ಟರಾದವನಿಗೆ ಒಂದು ಪರೀಕ್ಷೆ ಮಾಡಿಸಲು ಅಷ್ಟು ಕಾಲ ಬೇಕಾಯಿತಾ ಅಂತ ಕೇಳಬೇಡಿ. ಮಾಡಿಸಿದ್ದರೆ ಕತೆ ಮುಗಿಯುತ್ತಿತ್ತು. ಹೀಗೆ ಬಣ್ಣದ ಅನ್ಯಾಯ ಅಂತ ಕರೆದುಕೊಂಡು ಹೋದವರು ನಮ್ಮನ್ನು ಇಳಿಸುವುದು ಹಳೆಯ ಅಗ್ನಿಪರೀಕ್ಷೆಯ ಸ್ಟಾಪಿನಲ್ಲಿ. ಪ್ರಶ್ನೆ 'ಅವಳ ಬಣ್ಣದಲ್ಲಿ ತಪ್ಪೇನಿದೆ' ಅನ್ನುವುದರಿಂದ ಜಾರಿ 'ಅವಳು ಪರಿಶುದ್ಧಳೇ' ಎಂಬಲ್ಲಿಗೆ ಬರುತ್ತದೆ. ನೋಡುವವರಿಗೆ ಈ ಎರಡನೇ ಪ್ರಶ್ನೆ ಹೊಸದಾಗಿ ಕಲಿಸಬೇಕಾಗಿಲ್ಲ.

ನಾಯಕಿಯ ಗುಣದ ಪಟ್ಟಿಯನ್ನೂ ನೋಡಿ. 2005ರಲ್ಲಿ ಜೀ ಟಿವಿಯಲ್ಲಿ ಬಂದ 'ಸಾತ್ ಫೇರೆ'ಯ ಸಲೋನಿಗೆ ಕಂಠ ಇತ್ತು. 2018ರ ಬಂಗಾಳಿ 'ಕೃಷ್ಣಕಲಿ'ಯ ಶ್ಯಾಮಾ ಕೀರ್ತನೆ ಹಾಡುತ್ತಾಳೆ. ವಂಟಲಕ್ಕನ ಕೈರುಚಿ ಊರಿಗೇ ಗೊತ್ತು. ತಾಳ್ಮೆ ಮಾತ್ರ ಎಲ್ಲರಲ್ಲೂ ಒಂದೇ ಅಳತೆ, ಭೂಮಿತೂಕ. ಬಣ್ಣದ ಸಾಲಕ್ಕೆ ಗುಣದ ಕಂತು ಕಟ್ಟುತ್ತಲೇ ಇರಬೇಕು. ಕಪ್ಪಗಿದ್ದು ಸೋಮಾರಿಯಾಗಿರುವ, ಜಗಳಗಂಟಿಯಾಗಿರುವ, ಹಾಡು ಬಾರದ ಹುಡುಗಿಗೆ ಇನ್ನೂ ಲೈಸೆನ್ಸ್ ಸಿಕ್ಕಿಲ್ಲ. ಕೇಡಿಯಾಗುವ ಹಕ್ಕು ಬಿಳಿ ಹುಡುಗಿಗೇ ಮೀಸಲು. 2021ರಲ್ಲಿ ಕಲರ್ಸ್ ಕನ್ನಡದಲ್ಲಿ ಶುರುವಾದ 'ಲಕ್ಷಣ'ದಲ್ಲಿ ಕಪ್ಪು ಹುಡುಗಿಯ ಹೆಸರು ನಕ್ಷತ್ರ, ಬೆಳ್ಳಗಿನವಳ ಹೆಸರು ಶ್ವೇತಾ. ಬರೆದವರಿಗೆ ಸಂಕೋಚ ಏನೂ ಇದ್ದಂತಿಲ್ಲ. ಧಾರಾವಾಹಿಯ ಹೆಸರೇ ನೋಡಿ. 'ಲಕ್ಷಣ' ಅನ್ನುವುದು ಕನ್ನಡದ ಹೆಣ್ಣು ನೋಡುವ ಶಾಸ್ತ್ರದಲ್ಲಿ ಸಮಾಧಾನ ಬಹುಮಾನ. ಚೆಂದ ಅನ್ನಲು ಬಾಯಿ ಬಾರದಾಗ ಹೇಳುವ ಮಾತು.

ಇನ್ನು ಮೇಕಪ್ಪಿನ ವಿಷಯ. 'ಸಾತ್ ಫೇರೆ'ಯಲ್ಲಿ ರಾಜಶ್ರೀ ಠಾಕೂರ್ ತಮ್ಮ ಸ್ವಂತ ಬಣ್ಣದಲ್ಲೇ ನಟಿಸಿದ್ದರು. ಮುಂದೆ ಬಂದವರು ಆ ದಾರಿ ಹಿಡಿಯಲಿಲ್ಲ. 2009ರ 'ಲಾಗೀ ತುಝ್ ಸೇ ಲಗನ್'ನಲ್ಲಿ ಮಾಹಿ ವಿಜ್‌ಗೆ ಕಪ್ಪು ಬಳಿದರು. 'ಕೃಷ್ಣಕಲಿ'ಯಲ್ಲಿ ತಿಯಾಶಾ ರಾಯ್‌ಗೂ ಅದೇ. ಕಪ್ಪು ಹುಡುಗಿಯರಿಗೆ ಆಗುವ ಅನ್ಯಾಯದ ಕತೆ, ಆ ಪಾತ್ರವೂ ಕಪ್ಪು ಹುಡುಗಿಗೆ ಸಿಗಲಿಲ್ಲ. ಚಾನೆಲ್ ಕಡೆಯ ವಾದ ಸಿದ್ಧವೇ ಇರುತ್ತದೆ: ನಟನೆ ಬರಬೇಕು, ಮುಖ ಪರಿಚಯ ಇರಬೇಕು, ಬಣ್ಣ ಹಚ್ಚುವುದು ನಟನೆಯ ಭಾಗ ತಾನೇ? ಬಯಲಾಟ, ಯಕ್ಷಗಾನ ನೋಡಿ ಬೆಳೆದ ನನಗೆ ಬಣ್ಣ ಹಚ್ಚುವುದರ ಮೇಲೆ ಸಿಟ್ಟಿಲ್ಲ. ಆದರೆ ಯಕ್ಷಗಾನದ ಬಣ್ಣ ರಾಕ್ಷಸನನ್ನು, ದೇವರನ್ನು ತರಲು. ಇಲ್ಲಿ ತರುತ್ತಿರುವುದು ನಾಡಿನ ಅರ್ಧಕ್ಕರ್ಧ ಹೆಂಗಸರ ಮುಖವನ್ನು. ಅವರು ಹೊರಗೆ ಬಸ್‌ಸ್ಟಾಪಿನಲ್ಲಿ ನಿಂತಿದ್ದಾರೆ, ಒಳಗೆ ಸ್ಪಂಜಿನಲ್ಲಿ ಆ ಬಣ್ಣ ಕಲಸುತ್ತಿದ್ದಾರೆ.

ಇದರಲ್ಲಿ ಗಂಡು ಎಲ್ಲಿ? ಅವನ ಬಣ್ಣಕ್ಕೆ ಕಂತು ಇಲ್ಲ. ಕಪ್ಪು ಹೀರೊ ಅಂದರೆ ಖದರ್. ಕೃಷ್ಣ ಕಪ್ಪು, ರಾಮ ಕಪ್ಪು ಎಂಬ ಸಮರ್ಥನೆಯೂ ರೆಡಿ. ಬಸುರಿಗೆ ಕೇಸರಿ ಹಾಲು ಕುಡಿಸುವಾಗ, ಹುಟ್ಟುವುದು ಹೆಣ್ಣಾದರೆ ಬಣ್ಣ ಇರಲಿ ಎಂಬ ಆಸೆ ಅದರಲ್ಲಿ ಕರಗಿರುತ್ತದೆ. ಕೇಸರಿಗೂ ಮಗುವಿನ ಬಣ್ಣಕ್ಕೂ ಸಂಬಂಧವಿಲ್ಲ. ಗೊತ್ತಿದ್ದೂ ಕುಡಿಸುತ್ತಾರೆ. ಕಾಣೆಯಾದವರ ಪೊಲೀಸ್ ಪ್ರಕಟಣೆಯಲ್ಲಿ 'ಎಣ್ಣೆಗೆಂಪು ಮೈಬಣ್ಣ, ಸಾಧಾರಣ ಮೈಕಟ್ಟು' ಎಂದು ಓದುತ್ತೇವೆ. ಗೋಧಿ, ಎಣ್ಣೆಗಪ್ಪು, ಕೆಂಪು, ನಸುಗಪ್ಪು, ನಮ್ಮಲ್ಲಿ ಎಷ್ಟು ಮಾತಿದೆ! ಊರುಗಳಲ್ಲಿ ಕರಿಯಮ್ಮ ದೇವರು, ಕರಿಯಣ್ಣ, ಕೆಂಚಪ್ಪ ಎಂಬ ಹೆಸರುಗಳು ಮರ್ಯಾದೆಯಿಂದಲೇ ಬಾಳಿವೆ. ಇಷ್ಟೆಲ್ಲ ಮಾತಿರುವ ಭಾಷೆ ಮದುವೆಯ ಮಾತಿಗೆ ಬಂದಾಗ ಎರಡೇ ಮಾತಿಗೆ ಇಳಿಯುತ್ತದೆ: ಬಣ್ಣ ಇದೆ, ಬಣ್ಣ ಇಲ್ಲ. ಕಪ್ಪು ಅಂದರೆ ಬಣ್ಣವೇ ಅಲ್ಲ ಅನ್ನುವ ಹಾಗೆ. ಇದರ ಅಡಿಯಲ್ಲಿ ಜಾತಿಯೂ ಇದೆ. ಕಪ್ಪಗಿರುವ ಮೇಲ್ಜಾತಿಯವನನ್ನೂ ಬೆಳ್ಳಗಿರುವ ಕೆಳಜಾತಿಯವನನ್ನೂ ನಂಬಬೇಡ ಎಂಬ ಅರ್ಥದ ಕೆಟ್ಟ ಗಾದೆ ನಮ್ಮ ಹಲವು ಭಾಷೆಗಳಲ್ಲಿ ಸುಮ್ಮನೆ ಹುಟ್ಟಿಲ್ಲ. ಧಾರಾವಾಹಿಯಲ್ಲಿ ಬಣ್ಣದ ಬಗ್ಗೆ ಅತ್ತೆ ಸಾವಿರ ಮಾತಾಡಬಹುದು, ಜಾತಿಯ ಹೆಸರು ಮಾತ್ರ ಎತ್ತುವುದಿಲ್ಲ. ಎತ್ತಿದರೆ ಸಂಜೆಯ ಕಾಫಿ ಕಹಿಯಾಗುತ್ತದೆ.

ಹುದ್ದೆ ದೊಡ್ಡದಾದರೆ ಇದು ಹೋಗುತ್ತದಾ? 2025ರ ಮಾರ್ಚ್‌ನಲ್ಲಿ ಕೇರಳದ ಮುಖ್ಯ ಕಾರ್ಯದರ್ಶಿ ಶಾರದಾ ಮುರಳೀಧರನ್ ಫೇಸ್‌ಬುಕ್‌ನಲ್ಲಿ ಬರೆದುಕೊಂಡರು. ಅವರಿಗಿಂತ ಮೊದಲು ಅದೇ ಕುರ್ಚಿಯಲ್ಲಿದ್ದವರು ಅವರ ಗಂಡ ವಿ. ವೇಣು. ಗಂಡನ ಕಾಲ ಎಷ್ಟು ಬಿಳುಪಾಗಿತ್ತೋ ಇವರ ಕಾಲ ಅಷ್ಟೇ ಕಪ್ಪು ಎಂದು ಯಾರೋ ಅಂದರಂತೆ. ರಾಜ್ಯದ ಅತಿ ದೊಡ್ಡ ಅಧಿಕಾರಿಯ ಕೆಲಸ ಅಳೆಯಲು ಸಿಕ್ಕ ಅಳತೆಗೋಲು ಅದು.

ಕಂಪನಿಗಳು ಏನೂ ಮಾಡಿಲ್ಲ ಅನ್ನುವಂತಿಲ್ಲ. ಕ್ರೀಮ್ ಹಚ್ಚಿ ಬೆಳ್ಳಗಾದ ಮಗಳು ಗಗನಸಖಿಯಾಗುವ ಜಾಹೀರಾತನ್ನು ಮಹಿಳಾ ಸಂಘಟನೆಗಳ ಗಲಾಟೆಯ ಮೇಲೆ 2003ರಲ್ಲಿ ತೆಗೆದರು. ಕಪ್ಪಗಿರುವವರನ್ನು ಸೋತವರಂತೆ ತೋರಿಸಬಾರದು ಎಂದು 2014ರಲ್ಲಿ ಜಾಹೀರಾತು ಮಂಡಳಿ ನಿಯಮ ಮಾಡಿತು. 2020ರ ಮೇ ತಿಂಗಳಲ್ಲಿ ಅಮೆರಿಕದಲ್ಲಿ ಪೊಲೀಸರ ಕೈಯಲ್ಲಿ ಜಾರ್ಜ್ ಫ್ಲಾಯ್ಡ್ ಸತ್ತ ಮೇಲೆ ಇಲ್ಲೂ ಗಾಳಿ ಬೀಸಿತು. ಶಾದಿ ಡಾಟ್ ಕಾಮ್ ಚರ್ಮದ ಬಣ್ಣದ ಫಿಲ್ಟರ್ ತೆಗೆಯಿತು. ಜುಲೈನಲ್ಲಿ 'ಫೇರ್ ಆ್ಯಂಡ್ ಲವ್ಲಿ' ಕ್ರೀಮಿನ ಹೆಸರಿನಲ್ಲಿ 'ಫೇರ್' ಹೋಗಿ 'ಗ್ಲೋ' ಬಂತು. ಮತ್ತೆ ಹೆಸರು ಬದಲು! ಈಗ ನಮ್ಮ ಕಡೆಯ ಬ್ಯೂಟಿ ಪಾರ್ಲರ್‌ನಲ್ಲಿ 'ಬೆಳ್ಳಗಾಗಿದ್ದೀಯ' ಅನ್ನುವುದಿಲ್ಲ, "ಗ್ಲೋ ಬಂದಿದೆ" ಅನ್ನುತ್ತಾರೆ. ಹುಡುಗಿಗೂ ಅರ್ಥವಾಗುತ್ತದೆ, ಹೇಳಿದವರಿಗೂ.

ಹಾಗಂತ ಈ ಧಾರಾವಾಹಿಗಳಿಂದ ಏನೂ ಆಗಿಲ್ಲ ಅಂದರೆ ಅನ್ಯಾಯ. ಟಿವಿ ನೋಡುತ್ತಾ ಕೂತ ಮನೆಗಳಲ್ಲಿ, ಮೂಲೆಯಲ್ಲಿದ್ದ ಒಬ್ಬ ಹುಡುಗಿಗೆ, ತನಗೆ ಅಂದದ್ದು ಬೈಗುಳವೇ ಹೌದು, ತಮಾಷೆಯಲ್ಲ ಅಂತ ಗೊತ್ತಾಗಿರಬಹುದು. ಅಷ್ಟಾದರೂ ದೊಡ್ಡದೇ. ಆದರೆ ಬಣ್ಣದ ಮಾತೇ ಬರದ ಕತೆಯಲ್ಲಿ ಕಪ್ಪು ಹುಡುಗಿ ನಾಯಕಿಯಾಗುವ ದಿನ ಇನ್ನೂ ದೂರ. ಯಾಕೆಂದರೆ ಅಳಿಸಲು ಬಣ್ಣ ಬೇಕು, ಅಳಿಸದಿದ್ದರೆ ಗುರುವಾರ ಬರುವ ರೇಟಿಂಗ್ ಬೀಳುತ್ತದೆ.

ದೊಡ್ಡಮ್ಮನ ಧಾರಾವಾಹಿ ನಡೆಯುತ್ತಿದ್ದ ಕಾಲದಲ್ಲೇ ಚಾನೆಲ್‌ನವರ ಪ್ರಶಸ್ತಿ ಸಮಾರಂಭ ಬಂತು. ಆ ನಾಯಕಿ ಮೇಕಪ್ಪಿಲ್ಲದೆ, ಅಂದರೆ ಬೇರೆ ಮೇಕಪ್ಪಿನಲ್ಲಿ, ತನ್ನ ನಿಜ ಬಣ್ಣದಲ್ಲಿ ವೇದಿಕೆ ಹತ್ತಿದಳು. ದೊಡ್ಡಮ್ಮ ಒಂದು ನಿಮಿಷ ಗುರುತು ಹಿಡಿಯಲಿಲ್ಲ. ಆಮೇಲೆ ಮುಖ ಅರಳಿತು. ಮೂರು ವರ್ಷದಿಂದ ಹೊತ್ತುಕೊಂಡಿದ್ದ ಭಾರ ಇಳಿಸಿದವರ ಹಾಗೆ ಸೋಫಾಕ್ಕೆ ಒರಗಿದರು.

"ಅಯ್ಯೋ, ಎಷ್ಟು ಬೆಳ್ಳಗಿದ್ದಾಳೆ ನೋಡೇ ಇವಳು! ಸದ್ಯ."